ಪೆನ್ಸಿಲ್ಲಿನ ಮೇಲೆ ಪೆನ್ನು

ನಾನು ಹನ್ನೊಂದು ವರ್ಷ ಕೆಲಸ ಮಾಡಿದ ಕ್ಲಿನಿಕ್ಕಿನಲ್ಲಿ, ಡಾಕ್ಟರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಮನಸ್ಸಿನ ಯಾವ ಕಾಯಿಲೆಗೆ ಯಾವ ಯಾವ ಲಕ್ಷಣ ಇರಬೇಕು, ಎಷ್ಟು ಇರಬೇಕು, ಎಷ್ಟು ದಿನದಿಂದ ಇರಬೇಕು ಎಂದು ಪಟ್ಟಿ ಹಾಕಿದ ಪುಸ್ತಕ. ನಮ್ಮ ಡಾಕ್ಟರು ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದರು. ಫ್ಯಾನಿನ ಗಾಳಿಗೆ ಕೇಸ್ ಶೀಟು ಹಾರಬಾರದೆಂದು ಅದನ್ನೇ ಎತ್ತಿ ಕಾಗದದ ಮೇಲೆ ಹೇರುತ್ತಿದ್ದರು. ತೆರೆದು ನೋಡಿದ್ದನ್ನು ಮಾತ್ರ ನಾನು ಒಂದು ದಿನವೂ ಕಂಡವಳಲ್ಲ. ಇದು ನನಗೆ ಎಷ್ಟು ಕಿರಿಕಿರಿ ಮಾಡುತ್ತಿತ್ತು ಎಂದರೆ, ಲೋಟದ ಕೆಳಗಿನ ಕಾಫಿ ಕಲೆಯನ್ನು ದಿನಾ ನಾನೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ.

ಕ್ಲಿನಿಕ್ ಇದ್ದದ್ದು ಜಯನಗರದಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ. ಬೋರ್ಡಿನ ಮೇಲೆ ಡಾಕ್ಟರ ಹೆಸರು, ಡಿಗ್ರಿ, ಸಮಯ, ಇಷ್ಟೇ. ಮನಸ್ಸು ಎಂಬ ಮಾತೇ ಇಲ್ಲ. ಬರುವವರೂ ‘ನರಗಳ ಡಾಕ್ಟ್ರು’ ಎಂದೇ ಕೇಳಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಜೆ.ಪಿ. ನಗರದವರು, ಗೊಟ್ಟಿಗೆರೆಯವರು, ಮಡಿವಾಳದವರು ನಮ್ಮಲ್ಲಿಗೆ ಬರುತ್ತಿದ್ದರು. ಜಯನಗರದವರು ಮಲ್ಲೇಶ್ವರಕ್ಕೆ ಹೋಗುತ್ತಿದ್ದರಂತೆ. ಪರಿಚಯದವರು ಯಾರೂ ನೋಡಬಾರದಲ್ಲ!

ನಾನು ಕರೆಸ್ಪಾಂಡೆನ್ಸಿನಲ್ಲಿ ಸೈಕಾಲಜಿ ಎಂ.ಎ. ಮುಗಿಸಿ, ಮದುವೆಯಾಗಿ, ಮಕ್ಕಳನ್ನು ದೊಡ್ಡದು ಮಾಡಿ, ನಲವತ್ತನಾಲ್ಕನೆಯ ವಯಸ್ಸಿಗೆ ಆ ಡಿಗ್ರಿಯ ಧೂಳು ಕೊಡವಿದವಳು. ಕುಮಾರಸ್ವಾಮಿ ಲೇಔಟಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಹೊಸಬರು ಡಾಕ್ಟರ ಹತ್ತಿರ ಹೋಗುವ ಮುಂಚೆ ನನ್ನ ಮುಂದೆ ಕೂತು ತಮ್ಮ ಕಥೆ ಹೇಳಬೇಕು, ನಾನು ಅದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ‘ಹಿಸ್ಟರಿ ತೆಗೆಯೋದು’ ಎನ್ನುತ್ತೇವೆ. ನಿದ್ದೆ ಹೇಗೆ, ಊಟ ಹೇಗೆ, ಯಾವಾಗಿನಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಮನೆಯಲ್ಲಿ ಹೇಳುತ್ತಾರೆ, ನಿಜವೇ. ಆದರೆ ಆ ಕುರ್ಚಿಯಲ್ಲಿ ಕೂತಾಗ ನನಗೆ ಎಲ್ಲಿಲ್ಲದ ತಾಳ್ಮೆ ಬರುತ್ತಿತ್ತು.

ಹಿಸ್ಟರಿ ನನ್ನದು, ಕೊನೆಯ ಸಾಲು ಡಾಕ್ಟರದು. ಶೀಟಿನ ಅಡಿಯಲ್ಲಿ ‘ಡಯಾಗ್ನೋಸಿಸ್’ ಎಂದು ಒಂದು ಗೆರೆ ಇರುತ್ತಿತ್ತು. ಅಲ್ಲಿ ಅವರು ಕೆಲವು ಸಲ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು, ಕೆಲವು ಸಲ ಪೆನ್ನಿನಲ್ಲಿ. ಬೆಳಗ್ಗೆ ಪೇಪರಿನ ಪದಬಂಧ ತುಂಬುವ ಮನುಷ್ಯ, ಜೇಬಿನಲ್ಲಿ ಎರಡೂ ಇರುತ್ತಿದ್ದವು. ಕೈಗೆ ಯಾವುದು ಸಿಕ್ಕಿತೋ ಅದರಲ್ಲಿ ಗೀಚುತ್ತಾರೆ ಎಂದುಕೊಂಡೆ. ಅದನ್ನು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಬೇರೆ ಎಲ್ಲವನ್ನೂ ಕೇಳುತ್ತಿದ್ದೆ.

ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋದಾಗ ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಆ ಪುಸ್ತಕ ಓದಲು ಶುರು ಮಾಡಿದೆ. ಓದುತ್ತಾ ಓದುತ್ತಾ ರುಚಿ ಹತ್ತಿತು. ಡಿಪ್ರೆಶನ್ನಿಗೆ ಒಂಬತ್ತು ಲಕ್ಷಣ, ಅದರಲ್ಲಿ ಐದಾದರೂ ಇರಬೇಕು, ಎರಡು ವಾರ ಬಿಡದೆ ಇರಬೇಕು. ಎಷ್ಟು ಚೆಂದದ ಲೆಕ್ಕ! ಹಾಗಾದರೆ ನಮ್ಮ ಡಾಕ್ಟರು ಬರೆಯುವುದು ಈ ಲೆಕ್ಕಕ್ಕೆ ಕೂಡುತ್ತದೋ ಇಲ್ಲವೋ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಾನಲ್ಲ ಎಂಬ ಜಂಬ ಬೇರೆ. ಒಂದು ಹಳೇ ಡೈರಿ ತೆಗೆದುಕೊಂಡು ಗೆರೆ ಎಳೆದೆ. ಎಡಕ್ಕೆ ಪುಸ್ತಕದ ಪ್ರಕಾರ ಏನು ಬರಬೇಕು, ಬಲಕ್ಕೆ ಡಾಕ್ಟರು ಬರೆದದ್ದೇನು. ಹೆಸರು ಬರೆಯಲಿಲ್ಲ, ಶೀಟಿನ ನಂಬರ್ ಮಾತ್ರ.

ಆರು ತಿಂಗಳು ಹೋಗುವಷ್ಟರಲ್ಲಿ ನನಗೆ ಉರಿಯತೊಡಗಿತು. ಎಷ್ಟೋ ಕಡೆ ಎರಡೂ ಕೂಡುತ್ತಲೇ ಇರಲಿಲ್ಲ. ಬನಶಂಕರಿಯ ಒಬ್ಬರು ರಿಟೈರ್ಡ್ ಮೇಷ್ಟರಿಗೆ ಒಂಬತ್ತರಲ್ಲಿ ಆರು ಇದ್ದವು. ಡಾಕ್ಟರು ಬರೆದದ್ದು ‘ಥೈರಾಯ್ಡ್ ನೋಡಬೇಕು’. ಜೆ.ಪಿ. ನಗರದ ಒಬ್ಬ ಗೃಹಿಣಿಗೆ ಮೂರೇ ಮೂರು ಇದ್ದವು, ಆಕೆಗೆ ಡಿಪ್ರೆಶನ್ ಎಂದು ಬರೆದು ಮಾತ್ರೆಯನ್ನೂ ಶುರು ಮಾಡಿಬಿಟ್ಟರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಸಾರ್, ಆ ಮೇಡಂಗೆ ಮೂರೇ ಇದ್ದದ್ದು. ಐದಿರ್ಬೇಕು ಅಲ್ವಾ?”

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. “ಪುಸ್ತಕ ಓದ್ತಿದ್ದೀರ? ಒಳ್ಳೇದು. ಆಕೆ ಏನ್ ಹೇಳಿದ್ರು ಅಂತ ನೀವು ಚೆನ್ನಾಗಿ ಬರ್ಕೊಂಡಿದ್ದೀರ. ಬಾಗ್ಲಲ್ಲಿ ಚಪ್ಪಲಿ ಬಿಟ್ಟಿದ್ದು ನೋಡಿದ್ರಾ? ಒಂದು ಕಾಲಿಂದು ಒಂಥರ, ಇನ್ನೊಂದು ಕಾಲಿಂದು ಇನ್ನೊಂಥರ. ಮನೆಯಿಂದ ಹಾಗೇ ಬಂದಿದಾರೆ. ಅವರಿಗೇ ಗೊತ್ತಿಲ್ಲ.”

“ಪುಸ್ತಕದಲ್ಲಿ ಚಪ್ಪಲಿ ಇಲ್ಲ ಸಾರ್.”

“ಇಲ್ಲ,” ಎಂದು ನಕ್ಕರು. ಅಷ್ಟೇ ಉತ್ತರ. ಕಣ್ಣಳತೆ ಎಂದುಕೊಂಡೆ. ನಮ್ಮಮ್ಮನೂ ಕಣ್ಣಳತೆಯಲ್ಲೇ ಉಪ್ಪು ಹಾಕುತ್ತಿದ್ದಳು. ವಾರಕ್ಕೊಂದು ದಿನ ಸಾರು ಬಾಯಿಗಿಡಲು ಆಗುತ್ತಿರಲಿಲ್ಲ. ಸಾರಾದರೆ ನೀರು ಬೆರೆಸಬಹುದು, ಮನುಷ್ಯರಿಗೆ ಹೆಚ್ಚುಕಮ್ಮಿಯಾದರೆ ಏನು ಬೆರೆಸುವುದು?

ಇಂಥ ದಿನಗಳಲ್ಲೇ ಗೊಟ್ಟಿಗೆರೆಯ ಆ ಹೆಂಗಸು ಬಂದದ್ದು. ನಲವತ್ತರ ಹತ್ತಿರ ವಯಸ್ಸು, ಮನೆಯಲ್ಲೇ ಮೆಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಮದುವೆಯಾಗಿರಲಿಲ್ಲ. ವಿಧವೆ ತಂಗಿ, ತಂಗಿಯ ಎರಡನೇ ಕ್ಲಾಸಿನ ಮಗಳು ಇವಳ ಜೊತೆಗೇ ಇದ್ದರು. ತಂಗಿ ಡೆಂಗ್ಯೂ ಬಂದು ತೀರಿಕೊಂಡು ನಲವತ್ತು ದಿನವಾಗಿತ್ತು.

“ಕರೀತಾಳೆ ಮೇಡಂ,” ಎಂದಳು. “ಬೆಳಗ್ಗೆ ಮೆಷೀನ್ ತುಳೀತಾ ಕೂತಿರ್ತೀನಲ್ಲ, ಅಡುಗೆಮನೆ ಕಡೆಯಿಂದ ‘ಅಕ್ಕಾ’ ಅಂತಾಳೆ.”

“ಆಮೇಲೆ?”

“ಆಮೇಲೇನಿಲ್ಲ. ನಾನು ‘ಬಂದೆ ಕಣೇ’ ಅಂತೀನಿ. ಮಗು ಹೆದರ್ಕೊಳ್ಳುತ್ತೆ. ಅದಕ್ಕೇ ಬಂದೆ.”

ನಿದ್ದೆ ಇಲ್ಲದೆ ಐದು ದಿನವಾಗಿದೆ ಎಂದಳು. ಅಕ್ಕಪಕ್ಕದವರು ತನ್ನ ಬಗ್ಗೆ ತಾರಸಿಯ ಮೇಲೆ ನಿಂತು ಮಾತಾಡಿಕೊಳ್ಳುತ್ತಾರೆ ಎಂದಳು. ಅವಳ ತಾಯಿಗೂ ಇಂಥದೇ ಏನೋ ಆಗಿ ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದರಂತೆ. ಎಲ್ಲವನ್ನೂ ಬರೆದೆ. ಡಾಕ್ಟರು ಅವಳ ಜೊತೆ ಮುಕ್ಕಾಲು ಗಂಟೆ ಮಾತಾಡಿ, ನಿದ್ದೆಗೆ ಸಣ್ಣ ಮಾತ್ರೆ ಕೊಟ್ಟು, ಅಡಿಯ ಗೆರೆಯ ಮೇಲೆ ಪೆನ್ಸಿಲ್ಲಿನಲ್ಲಿ ‘ಸ್ಕಿಜೋಫ್ರೇನಿಯಾ’ ಎಂದು ಬರೆದರು.

ಮಧ್ಯಾಹ್ನ ಪುಸ್ತಕ ತೆಗೆದು ನೋಡಿದೆ. ಆ ಕಾಯಿಲೆ ಎನ್ನಲು ಆರು ತಿಂಗಳಾದರೂ ತೊಂದರೆ ಇರಬೇಕು ಎಂದಿತ್ತು. ಇವಳದು ನಲವತ್ತು ದಿನ. ತೀರಿಕೊಂಡವರ ದನಿ ಕೇಳಿಸಿತು ಎನ್ನುವುದು ಹತ್ತಿರದವರ ದುಃಖದಲ್ಲಿ ಇರುವುದೇ, ಅದನ್ನೇ ಕಾಯಿಲೆ ಎಂದುಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಡೈರಿಯಲ್ಲಿ ಆ ನಂಬರಿನ ಕೆಳಗೆ ಎರಡು ಗೆರೆ ಎಳೆದೆ. ಎರಡು ವಾರ ಬಿಟ್ಟು ಅವಳು ಇನ್ನೊಂದು ಸಲ ಬಂದಳು. ನಿದ್ದೆ ಬರುತ್ತಿದೆ, ದನಿ ಅಪರೂಪವಾಗಿದೆ ಎಂದಳು. ಆಮೇಲೆ ಬರಲಿಲ್ಲ.

ಮುಂದಿನ ವರ್ಷ ಕ್ಲಿನಿಕ್ಕಿನ ಹಳೇ ಶೀಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸುವುದು ಎಂದು ತೀರ್ಮಾನವಾಯಿತು. ಸ್ಕ್ಯಾನ್ ಮಾಡಲು ಬಂದವನು ಮೊದಲ ದಿನವೇ ತಲೆ ಕೆರೆದುಕೊಂಡ. “ಮೇಡಂ, ಕೆಲವ್ರದ್ದು ಕೊನೇ ಲೈನ್ ಬರ್ತಾನೇ ಇಲ್ಲ. ಪೆನ್ಸಿಲ್ ಅಲ್ವಾ, ಬಿಳೀ ಕಾಣುತ್ತೆ.”

“ಅಷ್ಟೇ ತಾನೇ?” ಎಂದೆ. ಕೆಳಗಿನ ಅಂಗಡಿಯಿಂದ ಎರಡು ಕಪ್ಪು ಜೆಲ್ ಪೆನ್ ತರಿಸಿದೆ. ಮೂರು ಮಧ್ಯಾಹ್ನ ಕೂತು, ಪೆನ್ಸಿಲ್ಲಿನಲ್ಲಿದ್ದ ಒಂದೊಂದು ಅಕ್ಷರದ ಮೇಲೂ ಪೆನ್ನು ಆಡಿಸಿದೆ. ಅವರ ಅಕ್ಷರದ ಬಾಗು ಬಳುಕು ಒಂದೂ ತಪ್ಪಲಿಲ್ಲ. ಗೊಟ್ಟಿಗೆರೆಯವಳ ಶೀಟು ಬಂದಾಗ ಕೈ ಒಂದು ಕ್ಷಣ ನಿಂತಿತು. ಪುಸ್ತಕಕ್ಕೆ ಕೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅವರು ಬರೆದದ್ದು ಅವರ ಹಣೆಬರಹ, ನನಗೇನು ಎಂದು ಅದರ ಮೇಲೂ ಪೆನ್ನು ಓಡಿಸಿದೆ. ಸಂಜೆ ಡಾಕ್ಟರು ಬಂದಾಗ “ಎಲ್ಲಾ ನೀಟಾಗಿ ಮುಗೀತು ಸಾರ್,” ಎಂದು ಬೀಗಿದ್ದೂ ನೆನಪಿದೆ. ಕಾಗದಗಳು ಕಟ್ಟು ಕಟ್ಟಿ ಅಟ್ಟ ಸೇರಿದವು.

ಮತ್ತೆ ಕೆಲವು ತಿಂಗಳಿಗೆ ಫ್ಯಾಮಿಲಿ ಕೋರ್ಟಿನಿಂದ ಒಂದು ಪತ್ರ ಬಂತು. ಇಂಥ ಹೆಸರಿನ ಪೇಷೆಂಟ್ ದಾಖಲೆ ಕಳಿಸಿ ಎಂದಿತ್ತು. ಯಾರು, ಯಾಕೆ ಎಂದು ಯೋಚಿಸದೆ ನಾನೇ ಪ್ರಿಂಟ್ ತೆಗೆದೆ, ಸೀಲು ಒತ್ತಿದೆ. ಇಬ್ಬರು ಪೇಷೆಂಟುಗಳ ಮಧ್ಯೆ ಡಾಕ್ಟರು ಇತರ ಕಾಗದಗಳ ಜೊತೆ ಅದಕ್ಕೂ ಸಹಿ ಹಾಕಿದರು. ನಾನೇ ಪೋಸ್ಟ್ ಮಾಡಿದೆ.

ಅದಾಗಿ ಹದಿನೈದು ದಿನಕ್ಕೆ ಗೊಟ್ಟಿಗೆರೆಯವಳು ಮೆಟ್ಟಿಲು ಹತ್ತಿ ಬಂದಳು. ಕೈ ಹಿಡಿದುಕೊಂಡು ತಂಗಿಯ ಮಗು, ಯೂನಿಫಾರ್ಮಿನಲ್ಲಿ. ಮಗುವನ್ನು ಬೆಂಚಿನ ಮೇಲೆ ಕೂರಿಸಿ ನನ್ನ ಮುಂದೆ ಬಂದು ನಿಂತಳು.

“ಮೇಡಂ, ನಂಗೆ ಹುಚ್ಚು ಅಂತ ನೀವೇ ಬರ್ದುಕೊಟ್ಟಿದ್ದೀರಂತೆ.”

ಮಗುವಿನ ದೊಡ್ಡಪ್ಪ, ಅಂದರೆ ತಂಗಿಯ ತೀರಿಹೋದ ಗಂಡನ ಅಣ್ಣ, ಮಗುವನ್ನು ತನಗೆ ಒಪ್ಪಿಸಬೇಕೆಂದು ಕೋರ್ಟಿಗೆ ಹಾಕಿದ್ದ. ಗೊಟ್ಟಿಗೆರೆಯಲ್ಲಿ ಹೊಲಗಳೆಲ್ಲ ಸೈಟಾದಾಗ ಆ ಮಗುವಿನ ಅಪ್ಪನ ಪಾಲಿಗೆ ಬಂದದ್ದು ಒಂದು ಸೈಟು, ಈಗ ಅದು ಮಗುವಿನ ಹೆಸರಿನಲ್ಲಿತ್ತು. ಅಲ್ಲಿಯವರೆಗೆ ಹಬ್ಬಕ್ಕೂ ಆ ಮಗುವನ್ನು ಕರೆದವನಲ್ಲವಂತೆ. ‘ಮೊದಲಿಂದಲೂ ಹುಚ್ಚಿನ ಮನೆತನ, ಇವಳೂ ಸತ್ತವರ ಜೊತೆ ಮಾತಾಡ್ತಾಳೆ’ ಎಂದು ಅರ್ಜಿಯಲ್ಲಿ ಬರೆಸಿದ್ದ. ಅದಕ್ಕೆ ಸಾಕ್ಷಿ ನಮ್ಮ ಕ್ಲಿನಿಕ್ಕಿನ ಸೀಲು ಬಿದ್ದ ಕಾಗದ. ತಾರಸಿಯ ಮೇಲೆ ನಿಂತು ಜನ ಮಾತಾಡಿಕೊಳ್ಳುತ್ತಿದ್ದದ್ದೂ ನಿಜವೇ ಆಗಿತ್ತು. ಅವನೇ ಮನೆಮನೆಗೆ ಹೋಗಿ ವಿಚಾರಿಸಿ ಹಬ್ಬಿಸಿದ್ದನಂತೆ. ಅವಳು ನಮ್ಮಲ್ಲಿಗೆ ಬಂದದ್ದೂ ಅವನಿಗೆ ಹಾಗೇ ತಿಳಿದದ್ದು.

“ಮುಂದಿನ ತಿಂಗ್ಳು ವಾಯಿದೆ ಐತೆ,” ಎಂದಳು. “ಮಗೂನ ಕಿತ್ಕೊಂಡ್ಬುಡ್ತಾರೆ ಮೇಡಂ. ರಾತ್ರಿಯೆಲ್ಲ ನನ್ನ ಸೆರಗು ಹಿಡ್ಕೊಂಡೇ ಮಲಗುತ್ತೆ ಅದು.”

ಡಾಕ್ಟರು ಅಟ್ಟದಿಂದ ಕಟ್ಟು ಇಳಿಸಿ ಎಂದರು. ಶೀಟು ತೆಗೆದು ಕೊನೆಯ ಸಾಲನ್ನು ಬಹಳ ಹೊತ್ತು ನೋಡಿದರು. “ಅಕ್ಷರ ನಂದು,” ಎಂದರು. “ಪೆನ್ನು ನಂದಲ್ಲ.”

“ನಾನು ಸಾರ್. ಸ್ಕ್ಯಾನಿನಲ್ಲಿ ಬರ್ತಿರ್ಲಿಲ್ಲ ಅಂತ…”

“ಎಲ್ಲಾದಕ್ಕೂ?”

“ಎಲ್ಲಾದಕ್ಕೂ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಆಡಿ ಹಗುರವಾಗುತ್ತಿದ್ದೆ. ಆಗ ಅವರು ಹೇಳಿದ್ದು ಇದು: ಪೆನ್ಸಿಲ್ಲಿನಲ್ಲಿ ಬರೆದದ್ದು ಅನುಮಾನ. ಇದು ಇರಬಹುದು, ಕಣ್ಣಿಟ್ಟಿರಬೇಕು ಎಂದು ಅವರು ತಮಗೆ ತಾವೇ ಹೇಳಿಕೊಂಡದ್ದು. ಎರಡು ಮೂರು ಸಲ ನೋಡಿ, ಪುಸ್ತಕಕ್ಕೆ ಒಂದೊಂದಾಗಿ ಹಿಡಿದು, ಕೂಡಿದರೆ ಆಗ ಪೆನ್ಸಿಲ್ ಅಳಿಸಿ ಪೆನ್ನಿನಲ್ಲಿ ಬರೆಯುವುದು. ಅವರಿಗೆ ಕಲಿಸಿದ ಪ್ರೊಫೆಸರೂ ಹೀಗೇ ಮಾಡುತ್ತಿದ್ದರಂತೆ. ಅವರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲವಂತೆ, ಇವರು ನೋಡಿ ಕಲಿತದ್ದು.

“ಪುಸ್ತಕ ನೀವು ತೆಗೆದಿದ್ದೇ ನೋಡಿಲ್ಲ ಸಾರ್ ನಾನು!” ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು ನನಗೆ.

“ಇದು ಲೋಟ ಇಡೋ ಕಾಪಿ,” ಎಂದರು. “ಮನೇಲಿರೋದು ಬೈಂಡ್ ಕಿತ್ತುಹೋಗಿದೆ. ಮಧ್ಯಾಹ್ನ ಊಟ ಆದ್ಮೇಲೆ ನೋಡ್ತೀನಿ.”

ಅಂದರೆ ನಾನು ಇಲ್ಲಿ ಚಿತ್ರಾನ್ನ ತಿನ್ನುತ್ತಾ ಅವರ ತಪ್ಪು ಹುಡುಕುವ ಹೊತ್ತಿಗೆ, ಅವರು ಅಲ್ಲಿ ಅದೇ ಪುಟ ತೆಗೆದು ಕೂತಿರುತ್ತಿದ್ದರು.

ಇದೆಲ್ಲವನ್ನೂ ಕೇಳುತ್ತಾ ನಿಂತಿದ್ದ ಅವಳಿಗೆ ನನಗಿಂತ ಬೇಗ ಅರ್ಥವಾಯಿತು. “ಓ! ಚಾಕ್ ಗುರ್ತು,” ಎಂದಳು. “ಬಟ್ಟೆ ಮೇಲೆ ನಾವೂ ಹಾಕ್ಕೊಂತೀವಲ್ಲ. ಇನ್ನೊಂದ್ಸಲ ಟೇಪ್ ಹಿಡ್ದು ನೋಡೋತಂಕ ಕತ್ರಿ ಹಾಕಲ್ಲ. ನೀವು ಚಾಕ್ ಗುರ್ತಿನ ಮೇಲೇ ಕತ್ರಿ ಹಾಕ್ಬುಟ್ರಿ ಮೇಡಂ.”

ಹೌದು, ಹಾಕಿಬಿಟ್ಟಿದ್ದೆ. ಬೆಂಚಿನ ಮೇಲಿದ್ದ ಆ ಮಗು ಕಾಲು ಆಡಿಸುತ್ತಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿತ್ತು. ಅದು ಇವಳ ಮಡಿಲು ಬಿಟ್ಟು ಹೋದರೆ ಅದಕ್ಕೆ ನನ್ನ ಜೆಲ್ ಪೆನ್ನೇ ಕಾರಣ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಮರುದಿನ ಡಾಕ್ಟರು ಶೀಟನ್ನು ಕಿಟಕಿಯ ಹತ್ತಿರ ಹಿಡಿದು ಓರೆ ಮಾಡಿ ತೋರಿಸಿದರು. ಜೆಲ್ ಶಾಯಿಯ ಅಂಚಿನಲ್ಲಿ ಪೆನ್ಸಿಲ್ಲಿನ ಹೊಳಪು ಸಣ್ಣಗೆ ಮಿನುಗುತ್ತಿತ್ತು. ಪುಣ್ಯಕ್ಕೆ ನಾನು ಅಳಿಸಿರಲಿಲ್ಲ, ಮೇಲೆ ಬರೆದಿದ್ದೆ, ಅಷ್ಟೇ. ನಾನು ನನ್ನ ಡೈರಿ ತಂದು ಅವರ ಮುಂದೆ ಇಟ್ಟು, ಇಷ್ಟು ದಿನ ಕದ್ದು ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಇಬ್ಬರೂ ಕಿಟಕಿಯ ಪಕ್ಕ ಕೂತು, ಪುಸ್ತಕಕ್ಕೆ ಕೂಡುವುದಿಲ್ಲ ಎಂದು ನಾನು ಗುರುತು ಹಾಕಿದ ಒಂದೊಂದು ಶೀಟನ್ನೂ ಓರೆ ಮಾಡಿ ನೋಡಿದೆವು. ಹೊಳಪು, ಹೊಳಪು, ಮತ್ತೆ ಹೊಳಪು. ಮೇಷ್ಟರ ಥೈರಾಯ್ಡೂ ಪೆನ್ಸಿಲ್ಲೇ. ನಾನು ಅವರ ಅನುಮಾನಗಳನ್ನು ತೀರ್ಪು ಎಂದು ತಿಳಿದು ಅವರಿಗೆ ಅಂಕ ಹಾಕುತ್ತಾ ಕೂತಿದ್ದೆ.

ಎಲ್ಲವೂ ಪೆನ್ಸಿಲ್ಲಾಗಿರಲಿಲ್ಲ, ಅದನ್ನೂ ಹೇಳಬೇಕು. ಕೆಲವು ಅವರದೇ ಪೆನ್ನಿನಲ್ಲಿದ್ದವು. ಚಪ್ಪಲಿ ಅದಲು ಬದಲಾದ ಗೃಹಿಣಿಯದೂ ಹಾಗೆಯೇ, ಮೊದಲ ದಿನವೇ ಪೆನ್ನು, ಲೆಕ್ಕ ಮೂರು. “ಇದೇನ್ ಸಾರ್?” ಎಂದೆ. “ಇದು ನಂದೇ,” ಎಂದರು. “ಮೂರನೇ ಸಲ ಬಂದಾಗ ಮಿಕ್ಕಿದ್ದು ಹೇಳಿದ್ರು. ಮೊದಲೇ ಬರೆದಿದ್ದು ಸರೀನಾ ಅಂತ ನಂಗೆ ಈಗ್ಲೂ ಗೊತ್ತಿಲ್ಲ.” ಹನ್ನೊಂದು ವರ್ಷದಲ್ಲಿ ಆ ಮನುಷ್ಯ ‘ಗೊತ್ತಿಲ್ಲ’ ಎಂದದ್ದನ್ನು ನಾನು ಗಮನವಿಟ್ಟು ಕೇಳಿದ್ದು ಅವತ್ತು. ಮುಂಚೆಯೂ ಹೇಳಿರಬಹುದು.

ಕೋರ್ಟಿಗೆ ನಾನು ಹೋಗಿ ಹೇಳಲೇಬೇಕಾಯಿತು. ಶಾಯಿ ನನ್ನದು, ಡಾಕ್ಟರನ್ನು ಕೇಳದೆ ಬರೆದೆ ಎಂದು ಎಲ್ಲರ ಎದುರು ಹೇಳಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ನನ್ನದು ಇಪ್ಪತ್ತು ರೂಪಾಯಿಯ ಪೆನ್ನಿಗೆ ಹೋಯಿತು. ಹೋಗಲಿ ಎನಿಸಿತು. ಮಗುವಿನ ದೊಡ್ಡಪ್ಪನ ಕಡೆಯ ಲಾಯರು ಡಾಕ್ಟರನ್ನು ಹಿಡಿದರು.

“ಡಾಕ್ಟ್ರೇ, ನೀವು ಪುಸ್ತಕ ಫಾಲೋ ಮಾಡ್ತೀರೋ ಇಲ್ವೋ? ಒಂದೇ ಮಾತಲ್ಲಿ ಹೇಳಿ.”

“ಪೆನ್ಸಿಲ್ ತೆಗೆಯೋಕೆ ಮುಂಚೆ ಇಲ್ಲ. ಪೆನ್ನು ತೆಗೆಯೋಕೆ ಮುಂಚೆ ಹೌದು.”

“ಯಾವಾಗ್ಲೂ?”

“ಯಾವಾಗ್ಲೂ ಅಲ್ಲ,” ಎಂದರು.

ಹೌದು ಎಂದು ಹೇಳಿ ಮುಗಿಸಬಾರದಿತ್ತೇ ಎಂದು ಒಳಗೊಳಗೇ ಬೈದುಕೊಂಡೆ. ಆದರೆ ಜಡ್ಜ್ ಮೇಡಂ ಅಲ್ಲಿಯವರೆಗೆ ಬರೆಯುತ್ತಿದ್ದವರು ತಲೆ ಎತ್ತಿ ಅವರನ್ನು ನೋಡಿ, ಶೀಟನ್ನು ತರಿಸಿಕೊಂಡು, ತಾವೇ ಎದ್ದು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಬೇರೆ ಇಬ್ಬರು ಡಾಕ್ಟರು ಅವಳನ್ನು ಹೊಸದಾಗಿ ಪರೀಕ್ಷೆ ಮಾಡಬೇಕು ಎಂದು ಹೇಳಿದರು. ಆ ಇಬ್ಬರೂ ಬೇರೆ ಬೇರೆ ದಿನ ನೋಡಿ ಕಾಯಿಲೆ ಇಲ್ಲ, ದುಃಖ ಎಂದು ಬರೆದರು. ಮಗು ಅವಳ ಹತ್ತಿರವೇ ಇರಲಿ, ಸೈಟನ್ನು ಮಗು ದೊಡ್ಡದಾಗುವವರೆಗೆ ಯಾರೂ ಮುಟ್ಟಬಾರದು ಎಂದು ಆದೇಶವಾಯಿತು. ಆ ಸುದ್ದಿ ಕೇಳಿ ನಾನು ಕ್ಲಿನಿಕ್ಕಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆದೇಶವಾಗಿ ಎರಡು ತಿಂಗಳಿಗೆ ಅವಳು ಬಂದಳು. ಒಂದು ಸಲ ತೋರಿಸಿಕೊಂಡು ಹೋಗಿ ಎಂದು ಡಾಕ್ಟರೇ ಹೇಳಿದ್ದರು. ನನಗೊಂದು ಬ್ಲೌಸ್ ಹೊಲಿದು ತಂದಿದ್ದಳು, ಅಳತೆಯೇ ಕೇಳದೆ. “ಕಣ್ಣಳತೇಲಿ ಹೊಲ್ದಿದೀನಿ, ಬೈಬೇಡಿ,” ಎಂದಳು. ಮನೆಗೆ ಹೋಗಿ ಹಾಕಿ ನೋಡಿದರೆ ತೋಳು ಸರಿ, ಬೆನ್ನು ಬಿಗಿ.

ಆವತ್ತು ಹೊಸ ಶೀಟು ತೆಗೆದು ಪೆನ್ನು ಹಿಡಿದೆ. ನಿದ್ದೆ ಚೆನ್ನಾಗಿದೆ. ಊಟ ಪರವಾಗಿಲ್ಲ. ಮಗು ಶಾಲೆಯಲ್ಲಿ ಡ್ಯಾನ್ಸಿಗೆ ಸೇರಿದೆ. ಆಮೇಲೆ ಆ ಪ್ರಶ್ನೆಗೆ ಬಂದೆ.

“ದನಿ? ಈಗ್ಲೂ ಕೇಳ್ಸುತ್ತಾ?”

ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಯಾರ ಜೊತೆಯೋ ಪಾರ್ಕಿಂಗಿಗೆ ಜಗಳ ಆಡುತ್ತಿದ್ದ.

“ಇಲ್ಲ ಮೇಡಂ,” ಎಂದಳು. “ಕೋರ್ಟಿಗೆ ಓಡಾಡೋಕೆ ಶುರು ಮಾಡಿದ್ಮೇಲೆ ನಿಂತೋಯ್ತು. ಬೆಳಗ್ಗೆ ಬೇಕಂತ್ಲೇ ಮೆಷೀನ್ ನಿಲ್ಸಿ ಕೂತ್ಕೋತೀನಿ. ಏನೂ ಇಲ್ಲ.” ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಒಂದ್ಸಲ ಕರುದ್ರೆ ಸಾಕಿತ್ತು.”

ಇದಕ್ಕೆ ಪುಸ್ತಕದಲ್ಲಿ ನಾನು ಯಾವ ಪುಟವನ್ನೂ ಓದಿರಲಿಲ್ಲ. ಶೀಟಿನ ಮೇಲೆ ಬಗ್ಗಿ, ‘ದನಿ ಕೇಳಿಸುವುದು’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆಯಲು ಹೊರಟೆ. ಅವಳು ಕೈ ಚಾಚಿ ನನ್ನ ಪೆನ್ನನ್ನು ತಡೆದಳು.

“ಪೆನ್ಸಿಲ್ಲಲ್ಲಿ ಬರೀರಿ ಮೇಡಂ,” ಎಂದಳು. “ಇನ್ನೊಂದ್ಸಲ ಕರುದ್ರೂ ಕರೀಬೌದು.”

ಪೆನ್ನಿಗೆ ಕ್ಯಾಪ್ ಹಾಕಿ ಪಕ್ಕಕ್ಕಿಟ್ಟೆ. ಒಳಗೆ ಹೋಗಿ ಡಾಕ್ಟರ ಪೆನ್ಸಿಲ್ ಕೇಳಿ ತಂದೆ.